ಆರು ಜನರ ಬಯಾಲಜಿ

ಬಿ.ಎಸ್ಸಿ.ಯಲ್ಲಿ ಬಯಾಲಜಿ ತೆಗೆದುಕೊಂಡವರ ಬದುಕಿನಲ್ಲಿ ನಗುವ ಪ್ರಸಂಗಗಳು ತಾವಾಗಿಯೇ ಬಂದು ಹಾಜರಿ ಹಾಕುತ್ತವೆ. ನಾವು ಕರೆಯಬೇಕಾಗಿಲ್ಲ.

ಶಿಕಾರಿಪುರದ ಕಡೆಯಿಂದ ಮೂವರು, ಸೊರಬದ ಕಡೆಯಿಂದ ಮೂವರು, ಒಟ್ಟು ಆರು ಹುಡುಗಿಯರು ನಾವು. ಪ್ರಿನ್ಸಿಪಾಲರು ಮೊದಲ ದಿನವೇ ಹೇಳಿಬಿಟ್ಟಿದ್ದರು: “ಒಬ್ಬರು ಬಿಟ್ಟರೂ, ಒಬ್ಬರು ಫೇಲಾದರೂ ಬಯಾಲಜಿ ಮುಚ್ಚುತ್ತೇವೆ.” ಇದಕ್ಕೆ ನಮಗಿಂತ ಹೆಚ್ಚು ಹೆದರಿದವರು ನಮ್ಮ ಸರ್. ಅವರು ಅತಿಥಿ ಉಪನ್ಯಾಸಕರು. ಅವರ ಕೆಲಸ ನಮ್ಮ ಆರು ಜನರ ಮೇಲೆ ನಿಂತಿತ್ತು.

ಜ್ವರ

ಎರಡನೇ ತಿಂಗಳಲ್ಲಿ ನನಗೆ ಜ್ವರ ಬಂತು. ಬೆಳಿಗ್ಗೆಯೇ ಸರ್ ಫೋನ್ ಮಾಡಿದರು.

“ಕಾಲೇಜಿಗೇ ಬಂದು ಮಲಕ್ಕೊಳ್ಳಮ್ಮ. ಲ್ಯಾಬಲ್ಲಿ ಫ್ಯಾನ್ ಇದೆ. ಇವತ್ತು ಪ್ರಿನ್ಸಿಪಾಲ್ರು ತಲೆ ಎಣಿಸ್ತಾರೆ.”

ಹೋದೆ. ಉದ್ದ ಬೆಂಚಿನ ಮೇಲೆ ಶಾಲು ಹೊದ್ದು ಮಲಗಿದೆ. ಅಂದಿನ ಪಾಠ ಬಿಸಿರಕ್ತದ ಪ್ರಾಣಿಗಳು. ಸರ್ ಐದು ನಿಮಿಷ ಬೋರ್ಡಿನ ಮೇಲೆ ಬರೆದು ಚಾಕ್‌ಪೀಸ್ ಕೆಳಗಿಟ್ಟರು.

“ಬರೆಯೋದ್ಯಾಕೆ? ಒಬ್ಬೊಬ್ಬರೇ ಬಂದು ಇವಳ ಹಣೆ ಮುಟ್ಟಿ ನೋಡಿ.”

ಗುಡವಿ

ಪಕ್ಷಿವೀಕ್ಷಣೆಯ ವರದಿ ಬರೆಯದೆ ಪರೀಕ್ಷೆಗೆ ಕೂರುವಂತಿರಲಿಲ್ಲ. ವೇಳಾಪಟ್ಟಿಯಲ್ಲಿ ಮಾರ್ಚ್ ಎಂದಿತ್ತು, ಮಾರ್ಚಿನಲ್ಲೇ ಗುಡವಿ ಪಕ್ಷಿಧಾಮಕ್ಕೆ ಹೋದೆವು. ಕೆರೆಯ ಮರಗಳಲ್ಲಿ ಹಿಂದಿನ ಮಳೆಗಾಲದ ಖಾಲಿ ಗೂಡುಗಳಿದ್ದವು. ಇದ್ದದ್ದು ಒಂದೇ ಬೈನಾಕ್ಯುಲರ್. ಸರದಿಯ ಮೇಲೆ ಆರೂ ಜನ ಒಂದೇ ಕಾಗೆಯನ್ನು ನೋಡಿದೆವು.

ಕಾವಲುಗಾರ ಬಹಳ ಹೊತ್ತಿನಿಂದ ನಮ್ಮನ್ನೇ ನೋಡುತ್ತಿದ್ದ. ಸರ್ ಮುಜುಗರದಿಂದ ಕೇಳಿದರು, “ಈ ತಿಂಗಳಲ್ಲಿ ಯಾರೂ ವಲಸೆ ಬರೋದಿಲ್ವಾ?”

“ಬರ್ತಾರಲ್ರೀ. ಪ್ರತಿ ಮಾರ್ಚಿಗೆ ಕಾಲೇಜಿನೋರು ಬರ್ತಾರೆ. ಎರಡು ತಾಸು ಇದ್ದು ಹೋಗ್ತಾರೆ.”

ಕೋಳಿ

ಮುಂದಿನ ವರ್ಷಕ್ಕೆ ತಲಾ ಒಬ್ಬಳನ್ನಾದರೂ ಸೇರಿಸಬೇಕೆಂದು ಸರ್ ನಮ್ಮನ್ನು ಬೇಡಿಕೊಂಡಿದ್ದರು. ಆನವಟ್ಟಿಯಲ್ಲಿ ನಮ್ಮ ಪಕ್ಕದ ಮನೆಯ ಹುಡುಗಿ ಪಿಯುಸಿ ಮುಗಿಸಿದ್ದಳು. ಅವಳ ತಾಯಿಯನ್ನು ನಾನು ಅತ್ತೆ ಎಂದೇ ಕರೆಯುವುದು. ಬಯಾಲಜಿಯ ಮಹತ್ವವನ್ನೆಲ್ಲ ಹೇಳಿದೆ. ಅತ್ತೆ ಪೂರ್ತಿ ಕೇಳಿಸಿಕೊಂಡು ಬುಟ್ಟಿಯಡಿಯಿಂದ ಒಂದು ಕೋಳಿ ಎತ್ತಿ ತಂದರು.

“ಎರಡು ದಿನದಿಂದ ಗೊರಗೊರ ಅಂತೈತೆ. ಏನಾಗೈತೆ ನೋಡು.”

ಕೋಳಿಯನ್ನು ಹಿಂದೆ ಮುಂದೆ ನೋಡಿದೆ. ಸುಳ್ಳು ಹೇಳಲು ಮನಸ್ಸು ಬರಲಿಲ್ಲ. “ಅತ್ತೆ, ಈ ಸೆಮಿಸ್ಟರಿಗೆ ನಮಗೆ ಹೊಟ್ಟೆ ಮಾತ್ರ. ಉಸಿರಾಟ ಮುಂದಿನ ಸೆಮಿಸ್ಟರಿಗೆ.”

“ಅಲ್ಲೀತನಕ ಉಸಿರಾಡಬ್ಯಾಡ ಅಂತ ಕೋಳಿಗೆ ಹೇಳ್ಲೇನು?”

ಮಗಳು ಬಿ.ಕಾಂ. ಸೇರಿದಳು.

ಬಾಟಲಿಗಳು

ಕೊನೆಯ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ, ಬಾಟಲಿಗಳಲ್ಲಿಟ್ಟ ಹತ್ತು ಪ್ರಾಣಿಗಳನ್ನು ಗುರುತಿಸಬೇಕಿತ್ತು. ಫಾರ್ಮಲಿನ್‌ನಲ್ಲಿ ವರ್ಷಗಟ್ಟಲೆ ನೆಂದು ಅವೆಲ್ಲ ಒಂದೇ ಕೆಸರುಬಣ್ಣಕ್ಕೆ ಬಂದಿದ್ದವು. ಹಾಗಾಗಿ ನಾವು ಪ್ರಾಣಿಗಳ ಗೊಡವೆಗೆ ಹೋಗಿರಲಿಲ್ಲ, ಬಾಟಲಿಗಳನ್ನು ಬಾಯಿಪಾಠ ಮಾಡಿದ್ದೆವು. ಒಡೆದ ಮುಚ್ಚಳದ್ದು ಸಮುದ್ರಸೌತೆ. ನೀಲಿ ಟೇಪು ಸುತ್ತಿದ್ದು ಜಂತುಹುಳು. ಉಪ್ಪಿನಕಾಯಿ ಬಾಟಲಿಯಲ್ಲಿದ್ದದ್ದು ಸ್ಪಂಜು.

ಪರೀಕ್ಷೆಯ ದಿನ ಒಳಗೆ ಹೋದರೆ ಹತ್ತೂ ಬಾಟಲಿ ಹೊಸವು. ಒಂದೇ ಅಳತೆ, ಫಳಫಳ ಹೊಳೆಯುತ್ತಿವೆ. ಬಾಗಿಲಲ್ಲಿ ಲ್ಯಾಬಿನ ಅಟೆಂಡರ್ ಹೆಮ್ಮೆಯಿಂದ ನಿಂತಿದ್ದರು. “ಪರೀಕ್ಷೆ ಅಂತ ಎಲ್ಲ ಬದಲಾಯಿಸೀನ್ರೀ.”

ಅರ್ಧ ಗಂಟೆಯಾದರೂ ಯಾರ ಹಾಳೆಯಲ್ಲೂ ಒಂದಕ್ಷರವಿಲ್ಲ. ಸರ್ ಮುಖ ಬಿಳಿಚಿಕೊಂಡಿತು. ಅವರ ಕೆಲಸ ಹೋಗುವುದನ್ನು ಕಣ್ಣಾರೆ ನೋಡುತ್ತಿದ್ದೇವೆಂದು ನನಗೆ ನಿಜಕ್ಕೂ ಅಳು ಬಂತು. ವಿಶ್ವವಿದ್ಯಾಲಯ ಕಳಿಸಿದ್ದ ಪರೀಕ್ಷಕರು ಸರ್ ಕಡೆ ತಿರುಗಿ, “ಸರಿಯುತ್ತರದ ಪಟ್ಟಿ ಬರೆದುಕೊಡಿ” ಎಂದರು. ಸರ್ ಮೊದಲ ಬಾಟಲಿಯ ಮುಂದೆ ಬಗ್ಗಿದರು. ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ಆಮೇಲೆ ಮೆಲ್ಲಗೆ ಅಟೆಂಡರನ್ನು ಕೇಳಿದರು, “ಹಳೇ ಬಾಟ್ಲಿ ಎಸೆದ್ರಾ?”

“ಯಾಕೆ ಎಸೀಲಿ ಸರ್, ತೊಳೆದು ಬುಟ್ಟ್ಯಾಗ ಇಟ್ಟೀನಿ.”

ಬುಟ್ಟಿ ಬಂತು. ಯಾವುದನ್ನು ಯಾವುದರಿಂದ ತೆಗೆದಿದ್ದರೆಂದು ಅಟೆಂಡರ್‌ಗೆ ಚೆನ್ನಾಗಿ ನೆನಪಿತ್ತು. ಪ್ರತಿ ಹೊಸ ಬಾಟಲಿಯ ಪಕ್ಕ ಒಂದೊಂದು ಹಳೆಯ ಖಾಲಿ ಬಾಟಲಿ ಇಟ್ಟರು. “ಹೋಲಿಕೆಗೆ” ಎಂದರು ಸರ್, ಪರೀಕ್ಷಕರ ಮುಖ ನೋಡದೆ. ಖಾಲಿ ಬಾಟಲಿಗಳನ್ನು ನೋಡಿ ನಾವು ಆರೂ ಜನ ಹತ್ತಕ್ಕೆ ಹತ್ತು ಬರೆದೆವು.

ಇನ್ನು ಉಳಿದದ್ದು ಪರೀಕ್ಷಕರ ಸಹಿ. ಅವರು ಉತ್ತರಗಳನ್ನು ನೋಡಿದರು, ಬಾಟಲಿಗಳ ಸಾಲನ್ನು ನೋಡಿದರು, ನಮ್ಮನ್ನೂ ನೋಡಿದರು. ಆರೂ ಜನ ಪಾಸೆಂದು ಸಹಿ ಹಾಕಿದರು. ಹೊರಡುವ ಮುಂಚೆ ಮೊದಲನೆಯ ಖಾಲಿ ಬಾಟಲಿಯನ್ನು ಎತ್ತಿ ತಿರುಗಿಸಿ ನೋಡಿ ಹೇಳಿದರು:

“ಸಮುದ್ರಸೌತೆ. ನಾನಿಲ್ಲಿ ಓದುವಾಗ ಮುಚ್ಚಳ ಇಷ್ಟು ಒಡೆದಿರಲಿಲ್ಲ.”