ರುಚಿ ನೋಡದ ವೈನಿಗೆ ಜೋಡಿ ಹುಡುಕಿದ್ದು

"ರುಚಿ ನೋಡದೆ ಅಡುಗೆ ಬಗ್ಗೆ ಬರೆಯುವವರು ಓದುಗರ ಬಾಯಿಗೆ ಮಣ್ಣು ಹಾಕುತ್ತಾರೆ!" ಎಂದು ಅಂಕಣದಲ್ಲಿ ಗುಡುಗಿದವನು ನಾನೇ. ಯಾವ ಕಾಲೇಜಿನ ಮೆಟ್ಟಿಲೂ ಹತ್ತದೆ, ಪೊಟ್ಟಣ ಕಟ್ಟಿದ ಕಾಗದ ಓದಿ ಪತ್ರಿಕೆಯವರೆಗೆ ಬಂದವನು. ಸುಳ್ಳು ಕಂಡರೆ ಮೈಯೆಲ್ಲ ಉರಿ! ಆ ಗುಡುಗಿನ ಸಿಡಿಲು ಬಡಿದದ್ದು ನಮ್ಮದೇ ಪತ್ರಿಕೆಯ ಅಡುಗೆ ಪುಟದ ಮೇಡಂಗೆ.

ಅವರು ಬಿಟ್ಟಾರೆಯೇ? ದೂರು ಹೋಯಿತು. ಸಂಪಾದಕರು ಸ್ಪೇನಿನ ಅರೆಸಿಹಿ ಕೆಂಪು ವೈನಿನ ಬಾಟಲಿಯೊಂದನ್ನು ನನ್ನ ಮೇಜಿನ ಮೇಲೆ ಕುಕ್ಕಿದರು.

"ಒಂದು ಗುಟುಕು ಕುಡಿದು, ಇದರ ಜೊತೆ ಏನು ತಿಂದ್ರೆ ಚೆನ್ನ ಅಂತ ಬರೀರಿ. ಭಾನುವಾರ ಬೆಳಿಗ್ಗೆ ಅಚ್ಚಾಗುತ್ತೆ, ಮಧ್ಯಾಹ್ನ ಒಂದು ಗಂಟೆಗೆ ನಾನೂ ಮೇಡಂ ಇಬ್ರೂ ನಿಮ್ಮನೆಗೆ ಊಟಕ್ಕೆ ಬರ್ತೀವಿ. ಬರೆದದ್ದು ಸುಳ್ಳಾದ್ರೆ ಅಂಕಣ ಬಂದ್!"

ಬಿರಡೆ ತೆಗೆಯುವ ತಿರುಪು ನಮ್ಮ ಮನೆಯಲ್ಲಿರಲಿಲ್ಲ. ಪಕ್ಕದ ಮನೆಯಲ್ಲಿ ಕೇಳಿದರೆ ಮಾನ ಹೋಗುತ್ತದೆ! ಬಾಟಲಿಯ ಚೀಟಿ ಓದಿದೆ. ಸಿಹಿಗೆ ಸಿಹಿಯೇ ತಕ್ಕ ವಧು ಎಂದು ತೀರ್ಮಾನಿಸಿ, ಕೆನೆ ಕೇಕಿನೊಂದಿಗೆ ಅದ್ದೂರಿಯಾಗಿ ಮದುವೆ ಮಾಡಿಸಿ ಲೇಖನ ಕಳಿಸಿಬಿಟ್ಟೆ.

ಭಾನುವಾರ ಬೆಳಿಗ್ಗೆ ಚೀಟಿಯ ಕೊನೆಯ ಸಾಲು ಕಣ್ಣಿಗೆ ಬಿತ್ತು: ತುಸು ತಣ್ಣಗೆ ಬಡಿಸಬೇಕು. ಬಾಟಲಿಯನ್ನು ಫ್ರೀಜರಿಗೆ ತುರುಕಿ, ಅಚ್ಚಾದ ನನ್ನ ಅಂಕಣವನ್ನು ಓದುತ್ತ ಕೂತೆ. ಏಳು ಸಲ ಓದಿದೆ. ಅಡುಗೆಮನೆಯಿಂದ ಹೆಂಡತಿ ಏನೋ ಕೂಗಿದಳು.

"ಓದ್ತಾ ಇದೀನಿ, ತಲೆ ತಿನ್ನಬೇಡ!" ಎಂದೆ.

ಒಂದು ಗಂಟೆಗೆ ಹತ್ತೇ ನಿಮಿಷವಿತ್ತು. ಫ್ರೀಜರಿನ ಬಾಗಿಲು ತೆಗೆದೆ. ಬಿರಡೆ ಒಂದು ಮೂಲೆಯಲ್ಲಿ ಬಿದ್ದಿತ್ತು, ವೈನು ಕೆಂಪು ಕಲ್ಲಾಗಿ ಕೂತಿತ್ತು! ಬಾಟಲಿಯನ್ನು ಒಲೆಯ ಮೇಲಿದ್ದ ಬಿಸಿನೀರಿನ ಪಾತ್ರೆಗೆ ಇಳಿಸಿದೆ.

ಟಪ್!

ಬಾಟಲಿ ಸಿಡಿದಿತ್ತು. ಪಾತ್ರೆ, ಒಲೆ, ನೆಲ, ನನ್ನ ಬಿಳಿ ಅಂಗಿ, ಎಲ್ಲವೂ ಕೆಂಪು. ಅದೇ ಗಳಿಗೆಗೆ ಕರೆಗಂಟೆ. ಬಾಗಿಲು ತೆರೆದವನನ್ನು ನೋಡಿ ಸಂಪಾದಕರು ಎರಡು ಹೆಜ್ಜೆ ಹಿಂದೆ ಸರಿದರು.

"ಯಾರನ್ರೀ ಕೊಂದ್ರಿ?"

"ವೈನನ್ನ" ಎಂದೆ. ಮೇಡಂ ಕಣ್ಣು ಮಿನುಗಿತು.

"ಹೋಗ್ಲಿ ಬಿಡಿ. ರುಚಿ ಹೇಗಿತ್ತು, ಅದನ್ನ ಹೇಳಿ ಸಾಕು."

ಸುಳ್ಳು ನಾಲಿಗೆಯ ತುದಿಯವರೆಗೆ ಬಂದಿತ್ತು. ಆದರೆ ಅವರ ಕೈಯಲ್ಲಿ ನನ್ನ ಹಳೆಯ ಗುಡುಗಿನ ಅಂಕಣದಿಂದ ಕತ್ತರಿಸಿದ ತುಂಡು ಕಂಡಿತು. "ಮೇಡಂ, ನಾನು ಕುಡಿದೇ ಇಲ್ಲ. ಚೀಟಿ ನೋಡಿ ಬರೆದೆ."

ಸಂಪಾದಕರ ಹುಬ್ಬು ಗಂಟಿಕ್ಕಿತು. ನನ್ನ ಅಂಕಣಕ್ಕೆ ಬೀಗ ಬೀಳುವುದು ಕಿವಿಗೇ ಕೇಳಿಸಿತು! ಆಗ ಹೆಂಡತಿ ಒಂದು ಸ್ಟೀಲ್ ಬಟ್ಟಲು ಹಿಡಿದು ಬಂದಳು.

"ಬೆಣ್ಣೆ ತೆಗೆಯೋಕೆ ಹೋದಾಗ ಬಿರಡೆ ಕಿತ್ತು ಬಂದಿತ್ತು. ಹೊರಗೆ ಉಕ್ಕಿದ್ದನ್ನ ಬಾಚಿಟ್ಟೆ. ಇವರನ್ನ ಕೂಗಿದ್ರೆ, ತಲೆ ತಿನ್ನಬೇಡ ಅಂದ್ರು! ನಾನೇ ಚೂರು ರುಚಿ ನೋಡಿದೆ. ಕೇಕ್ ತಿಂದು ಕುಡಿದ್ರೆ ಬರೀ ಹುಳಿ, ಸಾರ್. ಊಟಕ್ಕೆ ನಾನು ಮೆಣಸು ಹಚ್ಚಿ ಸುಟ್ಟ ಕೋಳಿ ಜೊತೆ ನೋಡಿ, ಉಪ್ಪುಪ್ಪು ಚೀಸ್ ಜೊತೆ ನೋಡಿ!"

ಬಟ್ಟಲಿನಲ್ಲಿ ಕರಗಿದ್ದದ್ದು ಒಬ್ಬೊಬ್ಬರಿಗೆ ಎರಡೆರಡು ಗುಟುಕು. ಒಳಗೆ ನಾನು ನೆಲ ಒರೆಸುತ್ತಿದ್ದೆ, ಹೊರಗೆ ಮೂವರೂ "ಆಹಾ!" ಎನ್ನುತ್ತಿದ್ದರು.

ಮುಂದಿನ ಭಾನುವಾರ ನನ್ನ ಅಂಕಣದ ಜಾಗದಲ್ಲಿ ಹೆಂಡತಿಯ ಅಂಕಣ ಫೋಟೊ ಸಮೇತ ಬಂತು. ಅದರಡಿ ಸಣ್ಣ ಅಕ್ಷರದಲ್ಲಿ ನನಗೂ ಒಂದು ಸಾಲು ಕೊಟ್ಟಿದ್ದರು. ಹಿಂದಿನ ದಿನ ಆ ಸಾಲನ್ನು ಬರೆದು ಗಟ್ಟಿಯಾಗಿ ಓದಿದ್ದೆ: "ತಪ್ಪಾಯಿತು. ಕೇಕ್ ಎಂದಿದ್ದಲ್ಲಿ ಖಾರದ ಕೋಳಿ ಎಂದು ಓದಿಕೊಳ್ಳಿ. ಬಹಳ ಚೆನ್ನಾಗಿರುತ್ತದೆ."

ಹೆಂಡತಿ ತನ್ನ ಬರಹದಿಂದ ತಲೆ ಎತ್ತಿದಳು. "ರೀ, ಅವತ್ತು ನೀವು ನೆಲ ಒರೆಸಿ ಬರೋಷ್ಟರಲ್ಲಿ ತಟ್ಟೇಲಿ ಮೂಳೆ ಮಾತ್ರ ಇತ್ತಲ್ವಾ?"

ಕೊನೆಯ ವಾಕ್ಯವನ್ನು ಹೊಡೆದುಹಾಕಿದೆ.