ಜಾಲರಿಗೆ ಬಳಿದ ವಿಭೂತಿ

ಅಕ್ಷರ ಚೆನ್ನಾಗಿರುವವರಿಗೆ ಜವಾಬ್ದಾರಿಯ ಕೆಲಸ ಕೊಡಬಾರದು. ಮುದ್ದಾದ ಅಕ್ಷರದ ನಾನೇ ಹೇಳುತ್ತಿದ್ದೇನೆ, ನಂಬಿ. ಮಧುಗಿರಿಯ ಹೊರಗೆ ನಾನು ರೈಟರಾಗಿರುವ ಕಡಲೆಕಾಯಿ ಮಿಲ್ಲಿನಲ್ಲಿ ಕೆಲಸಗಾರರ ಸುರಕ್ಷತೆಗೊಬ್ಬ ಹೊಣೆಗಾರ ಬೇಕಾದಾಗ ಯಜಮಾನರು, "ನಿಮ್ಮ ಅಕ್ಷರ ಗುಂಡಗಿದೆ, ನೀವೇ ಆಗ್ಬುಡಿ" ಎಂದರು. ಆಗಿಬಿಟ್ಟೆ. 'ಯಂತ್ರದ ಬಳಿ ಸಡಿಲ ಬಟ್ಟೆ ಬೇಡ', 'ಅಪಾಯ ಕಂಡರೆ ಕೆಲಸ ನಿಲ್ಲಿಸಿ' ಎಂದು ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆದೆ. ಹೊಗಳಿದವರು ಬಹಳ, ಓದಿದವರು ಕಡಿಮೆ. ದಿನವೂ ಯಂತ್ರಗಳನ್ನು ನೋಡಿ ರಿಜಿಸ್ಟರಿನಲ್ಲಿ 'ಎಲ್ಲ ಸರಿಯಿದೆ' ಎಂದು ಬರೆಯುವುದೂ ನನ್ನ ಪಾಲಿಗೇ ಬಂತು.

ಹೋದ ಆಯುಧಪೂಜೆಯಲ್ಲಿ, ಕಾಯಿ ಸುಲಿಯುವ ಯಂತ್ರದ ಬೆಲ್ಟಿಗೆ ಅಡ್ಡವಾಗಿದ್ದ ಕಬ್ಬಿಣದ ಜಾಲರಿಯನ್ನು ಬಿಚ್ಚಿ ತೊಳೆದೆವು. ವಿಭೂತಿ ಬಳಿದು, ಕುಂಕುಮವಿಟ್ಟು, ಚೆಂಡುಹೂವಿನ ಹಾರ ಹಾಕಿ ಗೋಡೆಗೆ ಒರಗಿಸಿದೆವು. ಮಂಗಳಾರತಿಯಾಯಿತು, ಕಡಲೆಪುರಿ ಹಂಚಿದ್ದಾಯಿತು, ಜಾಲರಿ ಮಾತ್ರ ಅಲ್ಲೇ ಉಳಿಯಿತು. ಹಾರ ಒಣಗಲಿ ಎಂದು ಒಂದು ವಾರ ಬಿಟ್ಟೆವು. ಆಮೇಲೆ ಯಾರೋ ಅದಕ್ಕೆ ದಿನಾ ಊದುಬತ್ತಿ ಹಚ್ಚತೊಡಗಿದರು. ದೇವರ ಸಾಲಿಗೆ ಸೇರಿದ್ದನ್ನು ಮತ್ತೆ ದುಡಿಮೆಗೆ ಹಚ್ಚಲು ನನಗೂ ಮನಸ್ಸಾಗಲಿಲ್ಲ.

ಕಾಳು ಆರಿಸಲು ಮಿಡಿಗೇಶಿಯಿಂದ ಬಸ್ಸಿನಲ್ಲಿ ಬರುವ ರಂಗಮ್ಮ ಒಂದು ಗುರುವಾರ ಮೊರ ಕೆಳಗಿಟ್ಟರು. "ಜಾಲ್ರಿ ಹಾಕೋಗಂಟ ನಾನು ಮಿಷನ್ ತಾವ್ಕೆ ಬರಾಕಿಲ್ಲ ರೈಟ್ರೇ. ಸೆರಗು ಸಿಕ್ಕಂಡ್ರೆ ನಿಮ್ ಕುಂಕುಮ ಬಂದು ಬುಡಿಸ್ತದಾ?"

ಹಾಗೆ ಹೇಳುವುದು ಅವರ ಹಕ್ಕು, ಜಾಲರಿ ಹಾಕಿಸುವುದು ನನ್ನ ಕರ್ತವ್ಯ. ಗೋಡೆಯ ಮೇಲೆ ಬರೆದವನಿಗೆ ಇದು ಗೊತ್ತಿಲ್ಲವೇ? ಆದರೆ ಹತ್ತು ಹೆಂಗಸರ ಮುಂದೆ ಮರ್ಯಾದೆಯ ಪ್ರಶ್ನೆ. "ಏನೂ ಆಗಲ್ಲ ಕಣಮ್ಮ, ಇಲ್ನೋಡು" ಎಂದು ಬೆಲ್ಟಿನ ಪಕ್ಕ ಬಗ್ಗಿ ತೋರಿಸಿದೆ. ನನ್ನ ಕತ್ತಿಗೊಂದು ಸುತ್ತು ಹಾಕಿಕೊಂಡಿದ್ದ ಟವೆಲಿನ ತುದಿಯನ್ನು ಬೆಲ್ಟು ಎಳೆದುಕೊಂಡಿತು. ರಂಗಮ್ಮ ಓಡಿಹೋಗಿ ಸ್ವಿಚ್ ಆರಿಸಿದರು. ಯಂತ್ರ ನಿಂತಾಗ ನನ್ನ ಮೂಗಿಗೂ ಚಕ್ರಕ್ಕೂ ಒಂದೇ ಗೇಣು. ಜೀವಮಾನದಲ್ಲಿ ನಾನು ಅಷ್ಟು ಹೆದರಿದ್ದಿಲ್ಲ.

ಟೀ ಕುಡಿದ ಮೇಲೆ ನಾನೇ ಮುಂದೆ ನಿಂತು ಜಾಲರಿ ಹಾಕಿಸಿದೆ. ವಿಭೂತಿ ಒರೆಸಲಿಲ್ಲ, ಇರಲಿ ಎನ್ನಿಸಿತು. ಸುದ್ದಿ ತಿಳಿದು ಬಂದ ಯಜಮಾನರು, "ಆಗಿದ್ದನ್ನ ರಿಜಿಸ್ಟರಲ್ಲಿ ಬರೀರಿ" ಎಂದರು. ತೆರೆದೆ. ಏಳನೇ ಕ್ಲಾಸು ಓದಿರುವ ರಂಗಮ್ಮನೂ ಬಗ್ಗಿ ನೋಡಿದರು. ಗುರುವಾರದ ಸಾಲಿನಲ್ಲಿ ಜಾಗವೇ ಇರಲಿಲ್ಲ. 'ಎಲ್ಲ ಸರಿಯಿದೆ' ಎಂದು ಗುಂಡಗೆ ಬರೆದಾಗಿತ್ತು. ಶುಕ್ರವಾರಕ್ಕೂ ಹಾಗೆಯೇ, ಶನಿವಾರಕ್ಕೂ ಹಾಗೆಯೇ. ಇಡೀ ವಾರದ್ದನ್ನು ಸೋಮವಾರವೇ ಬರೆದಿಡುವುದು ನಾನು ಪಾಲಿಸಿಕೊಂಡು ಬಂದ ಶಿಸ್ತು.

ರಂಗಮ್ಮ ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದಿ, ನನ್ನ ಮುಖ ನೋಡಿದರು. "ಅಂಗಾದ್ರೆ ರೈಟ್ರೇ, ನೀವು ಇವತ್ತು ಸತ್ತೋಗಿದ್ರೂ ಶನಿವಾರದ್ಗಂಟ ಎಲ್ಲಾ ಸರಿಯಾಗೇ ಇರ್ತಿತ್ತು ಬುಡಿ!"