ನೀರಿನ ಹಿಂದೆ ಸೈಕಲ್ಲು

ದೇಶನೂರಿಗೆ ಸೈಕಲ್ ಮೇಲೆ ಹೋಗಲು ಒಳ್ಳೆಯ ದಾರಿ ಯಾವುದು ಅಂತ ಮೊನ್ನೆ ನನ್ನ ಮೊಮ್ಮಗಳು ಕೇಳಿದಳು. ಸಿರುಗುಪ್ಪದಿಂದ ಕಾಲುವೆ ದಂಡೆ ಹಿಡಿದು, ಗದ್ದೆಗೆ ಇಳಿಯುವ ಹಕ್ಕಿಗಳನ್ನು ನೋಡಿಕೊಂಡು, ಹೊಳೆಯವರೆಗೆ ಹೋಗಿ ಬರಬೇಕಂತೆ. ಗೆಳತಿಯರೆಲ್ಲ ಹೊರಟಿದ್ದಾರಂತೆ. ಹಕ್ಕಿ ನೋಡಲು ಅಷ್ಟು ದೂರ ಯಾಕೆ, ನಮ್ಮ ಹಿತ್ತಲಲ್ಲೇ ಕಾಗೆ ಇದೆ. ಇರಲಿ. ದಾರಿಯ ವಿಷಯಕ್ಕೆ ಬಂದರೆ ಈ ಮನೆಯಲ್ಲಿ ನನ್ನನ್ನು ಬಿಟ್ಟು ಬೇರೆಯವರನ್ನು ಕೇಳಬಾರದು. ಆ ದಾರಿಯ ತಿರುವುಗಳನ್ನೆಲ್ಲ ನಾನು ಬಲ್ಲೆ. ತಗ್ಗುಗಳನ್ನೆಲ್ಲ ಬಲ್ಲೆ. ಒಂದು ತಗ್ಗನ್ನಂತೂ ಒಳಗಿನಿಂದಲೇ ಬಲ್ಲೆ!

ನಾನು ಓದಿದ್ದು ನಾಲ್ಕನೇ ಕ್ಲಾಸು. ಸೈಕಲ್ ಕಲಿತದ್ದು ಮದುವೆಯಾದ ಮೇಲೆ. ನಮ್ಮ ಯಜಮಾನರು ಮದುವೆಯಲ್ಲಿ ಸೈಕಲ್ ಬೇಕೇ ಬೇಕು ಅಂತ ಹಟ ಹಿಡಿದರು. ನಮ್ಮಪ್ಪ ಕೊಡಿಸಿದ. ಆಮೇಲೆ ತಿಳಿಯಿತು, ಅಳಿಯನಿಗೆ ಸೈಕಲ್ ಹೊಡೆಯಲು ಬರುವುದಿಲ್ಲ! ಬಳ್ಳಾರಿಯ ಬಟ್ಟೆ ಅಂಗಡಿಯಲ್ಲಿ ಕೆಲಸ. ದಿನಾ ಊಟದ ಡಬ್ಬಿಯನ್ನು ಹ್ಯಾಂಡಲ್ಲಿಗೆ ತೂಗುಹಾಕಿ, ಎತ್ತು ಹಿಡಿದುಕೊಂಡು ಹೋದ ಹಾಗೆ ಸೈಕಲ್ಲನ್ನು ತಳ್ಳಿಕೊಂಡು ಹೋಗುವರು, ತಳ್ಳಿಕೊಂಡು ಬರುವರು. ನನಗೆ ಹೊಟ್ಟೆ ಉರಿಯಿತು. ನಮ್ಮ ಮನೆ ಇದ್ದದ್ದು ಕಂಟೋನ್ಮೆಂಟಿನಲ್ಲಿ. ಅಲ್ಲಿ ರಸ್ತೆ ಅಗಲ, ಬೆಳಗಿನ ಜಾವ ನರಪಿಳ್ಳೆ ಇರುತ್ತಿರಲಿಲ್ಲ. ಸೀರೆಗೆ ಕಚ್ಚೆ ಹಾಕಿ ನಾನೇ ಕಲಿತೆ. ಬ್ರೇಕ್ ಹಿಡಿಯುವುದನ್ನು ಮಾತ್ರ ಕಲಿಯಲಿಲ್ಲ. ನಿಲ್ಲಬೇಕೆನಿಸಿದಾಗ ಒಂದು ಬೇವಿನ ಮರವನ್ನು ಹಿಡಿದುಕೊಳ್ಳುತ್ತಿದ್ದೆ. ಅಲ್ಲಿ ಬೇವಿನ ಮರಗಳಿಗೆ ಬರವಿರಲಿಲ್ಲ.

ಹೀಗಿರುವಾಗ ದೇಶನೂರಿಗೆ ಕೊಟ್ಟಿದ್ದ ನನ್ನ ತಂಗಿ ಪಾರ್ವತಿಗೆ ಕುಬಸ ಇಟ್ಟರು. ಚೊಚ್ಚಲ ಬಸುರಿಯ ಸೀಮಂತ. ತವರಿನವರು ಹಸಿರು ಸೀರೆ ತರಬೇಕು, ಬುತ್ತಿ ತರಬೇಕು. ಆ ಸೀರೆ ಉಟ್ಟೇ ಅವಳು ಮಣೆಯ ಮೇಲೆ ಕೂಡಬೇಕು. ನಮ್ಮವ್ವ ತೀರಿಕೊಂಡಿದ್ದಳು. ಅಪ್ಪನಿಗೆ ಕಣ್ಣು ಕಾಣುತ್ತಿರಲಿಲ್ಲ. ಹಾಗಾಗಿ ಪಾರ್ವತಿಗೆ ತವರು ಅಂದರೆ ನಾನೊಬ್ಬಳೇ. ಅವಳ ಅತ್ತೆ ಮೊದಲೇ ಹೇಳಿ ಕಳಿಸಿದ್ದಳು: "ಬುಧವಾರ ಹನ್ನೆರಡಕ್ಕ ರಾಹುಕಾಲ. ಅಷ್ಟರಾಗ ತವರು ಮನಿ ಸೀರಿ ಬಂದ್ರ ಬಂತು. ಇಲ್ಲಾಂದ್ರ ನಾನು ತಂದಿಟ್ಟಿದ್ದನ್ನ ಉಡಸ್ತೀನಿ."

ಆ ಸೀರೆ ಉಡಿಸಿಬಿಟ್ಟರೆ ಮುಗಿಯಿತು. ನನ್ನ ತಂಗಿ ಅಲ್ಲಿ ಇರುವವರೆಗೂ ತವರಿಲ್ಲದವಳು ಅಂತ ಮಾತು ಕೇಳಬೇಕು.

ಬಸ್ಸಿನ ಟಾಪ್ ಮೇಲೆ ಸೈಕಲ್ ಹಾಕಿಸಿಕೊಂಡು ಸಿರುಗುಪ್ಪದಲ್ಲಿ ಇಳಿದೆವು. ಅಲ್ಲಿಂದ ದೇಶನೂರು ದೂರವೇನಿಲ್ಲ. ಆದರೆ ಊರ ಹೊರಗೆ ಭತ್ತದ ಹುಲ್ಲಿನ ಬಂಡಿಯೊಂದು ರಸ್ತೆಗೆ ಅಡ್ಡಡ್ಡ ಮಗುಚಿ ಬಿದ್ದಿತ್ತು.

"ಸ್ವಲ್ಪ ನಿಲ್ಲಾಣ, ತೆಗೀತಾರ" ಎಂದರು ಯಜಮಾನರು.

"ನಿಮ್ಮ ಅಂಗಡ್ಯಾಗ ನಿಲ್ರಿ. ಇಲ್ಲಿ ಕಾಲುವಿ ದಂಡಿ ಮ್ಯಾಲೆ ಹೋಗೂಣು."

"ದಾರಿ ಗೊತ್ತೈತೇನು? ಯಾರನ್ನಾರ ಕೇಳಾಣ."

"ನಾನು ಬಾದನಹಟ್ಟಿ ಹೆಣ್ಣುಮಗಳು. ಕಾಲುವಿ ಬದೀಗೆ ಬೆಳದಾಕಿ. ಇವತ್ತು ಬುಧವಾರ. ಬುಧವಾರ ಪಾರ್ವತಿ ಮನ್ಯಾರ ಪಾಳಿ. ನೀರು ಅವರ ಗದ್ದಿಗೇ ಹೋಗ್ತೈತಿ. ನೀರು ಹೋದ ಕಡಿ ನಾವು ಹೋದ್ರ ಆತು. ಕೇಳಾದೇನು?"

ಕಾಲುವೆ ನೀರಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ದಿನ. ಇಂಥ ವಾರ ಇಂಥವರ ಪಾಳಿ ಅಂತ ಕಟ್ಟು. ಪಾಳಿಯ ಸಲುವಾಗಿ ನಮ್ಮ ಕಡೆ ತಲೆ ಒಡೆದುಕೊಂಡಿದ್ದಾರೆ, ಹೆಣ್ಣು ಕೊಡುವುದನ್ನು ಬಿಟ್ಟಿದ್ದಾರೆ. ಅಂಥ ಪಾಳಿಯನ್ನು ನಂಬದೆ ದಾರಿಯಲ್ಲಿ ಹೋಗುವವನನ್ನು ನಂಬುವುದೆ?

ಯಜಮಾನರು ಟವೆಲ್ಲನ್ನು ಮುಖಕ್ಕೆ ಸುತ್ತಿಕೊಂಡರು. ಹೆಂಡತಿ ಸೈಕಲ್ ಹೊಡೆಯುವಾಗ ಹಿಂದೆ ಕೂತ ಗಂಡ ಯಾರೆಂದು ಸಿರುಗುಪ್ಪಕ್ಕೆ ತಿಳಿಯಬಾರದಲ್ಲ! ಬುತ್ತಿಯ ಪುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕ್ಯಾರಿಯರ್ ಮೇಲೆ ಕೂತರು. ಹಸಿರು ಸೀರೆಯ ಚೀಲ ಹ್ಯಾಂಡಲ್ಲಿನಲ್ಲಿ. ಹೊರಟೆವು.

ಮೊದಮೊದಲು ಸೊಗಸಾಗಿತ್ತು. ಒಂದು ಕಡೆ ತುಂಬಿದ ಕಾಲುವೆ, ಇನ್ನೊಂದು ಕಡೆ ಗದ್ದೆ, ಗದ್ದೆಯ ತುಂಬ ಬೆಳ್ಳಕ್ಕಿ. ಮುಂದೆ ಒಂದು ತೂಬು ಬಂತು. ಅಲ್ಲಿ ಕಾಲುವೆ ಎರಡಾಗಿ ಒಡೆದಿತ್ತು. ಎಡಗಡೆಯದು ಒಣಗಿತ್ತು, ಬಲಗಡೆಯದರಲ್ಲಿ ನೀರು ತುಂಬಿ ಹರಿಯುತ್ತಿತ್ತು. ಒಣ ಕಾಲುವೆಯ ದಂಡೆಯ ಮೇಲೆ ರೇಷ್ಮೆ ಸೀರೆ ಉಟ್ಟ ನಾಲ್ಕಾರು ಹೆಂಗಸರು ತಾಟುಗಳನ್ನು ಹಿಡಿದುಕೊಂಡು ನಡೆದಿದ್ದರು.

"ಲೇ, ಅವರು ಕುಬಸಕ್ಕ ಹೊಂಟಂಗ ಕಾಣ್ತಾರ ನೋಡು."

"ಊರಾಗ ನಮ್ಮದೊಂದ ಕುಬಸೇನು? ಸುಮ್ನ ಕುಂದರ್ರಿ."

ನೀರಿನ ಕಡೆಗೆ ತಿರುಗಿಸಿದೆ.

ದಂಡೆ ಸಣ್ಣದಾಯಿತು. ಕಾಲುವೆಯೂ ಸಣ್ಣದಾಯಿತು. ಮತ್ತೆ ಒಡೆಯಿತು, ನೀರಿದ್ದ ಕಡೆ ಹೋದೆ. ಇನ್ನೊಮ್ಮೆ ಒಡೆಯಿತು, ಆಗಲೂ ನೀರಿದ್ದ ಕಡೆಯೇ. ದಂಡೆ ಈಗ ಒಂದು ಗೇಣು. ಯಜಮಾನರ ಕಾಲುಗಳು ಒಂದು ಕಡೆ ನೀರಿನಲ್ಲಿ ಎಳೆದುಕೊಂಡು ಬರುತ್ತಿದ್ದವು. "ಇದು ದಾರಿ ಅಲ್ಲಲೇ, ಬದು!" ಎಂದು ಕೂಗಿದರು. ಅಷ್ಟರಲ್ಲಿ ಎದುರಿಗೆ ಒಂದು ಎಮ್ಮೆ ಬಂತು. ನಿಲ್ಲಬೇಕು. ಬೇವಿನ ಮರಕ್ಕಾಗಿ ಹುಡುಕಿದೆ.

ಸಿರುಗುಪ್ಪದ ಗದ್ದೆಗಳಲ್ಲಿ ಬೇವಿನ ಮರ ಇರುವುದಿಲ್ಲ!

ಬಿದ್ದದ್ದು ನಾಟಿಗೆ ಹದ ಮಾಡಿದ್ದ ಕೆಸರುಗದ್ದೆಗೆ. ಮೆತ್ತಗಿತ್ತು, ಅದಕ್ಕೆ ಸುಳ್ಳು ಹೇಳಬಾರದು. ಎದ್ದು ನೋಡಿದರೆ ನೀರು ಸೇರಬೇಕಾದ ಊರನ್ನು ಸೇರಿ ಆರಾಮವಾಗಿ ಹರಡಿಕೊಂಡಿತ್ತು. ನಾವು ಮಾತ್ರ ಸೇರಿರಲಿಲ್ಲ. ಯಜಮಾನರು ಮೊಣಕಾಲು ಮಟ್ಟ ಹೂತು, ಪುಟ್ಟಿಯನ್ನು ತಲೆಯ ಮೇಲೆ ಎತ್ತಿ ಹಿಡಿದು ನಿಂತಿದ್ದರು. ಬುತ್ತಿಗೆ ಒಂದು ಹನಿ ತಾಗಿರಲಿಲ್ಲ. ಹಸಿರು ಸೀರೆ ಮಾತ್ರ ಕೆಸರಿನ ಬಣ್ಣಕ್ಕೆ ಬಂದಿತ್ತು.

ನಾಟಿ ಹಚ್ಚುತ್ತಿದ್ದ ಹೆಂಗಸರು ಕೆಲಸ ಬಿಟ್ಟು ಸೊಂಟ ಹಿಡಿದುಕೊಂಡು ನಗುತ್ತಿದ್ದರು. ಅವರಲ್ಲಿ ಒಬ್ಬ ಮುದುಕಿ ಹತ್ತಿರ ಬಂದಳು.

"ಯಾವೂರಿಗೆ ಹೊಂಟಿದ್ದೆ ಯವ್ವಾ?"

"ದೇಶನೂರಿಗೆ."

"ದೇಶನೂರು ಆ ಕಡಿ ಉಳೀತು! ಒಣ ಕಾಲುವಿ ಹಿಡದು ಹೋಗಬೇಕಿತ್ತು."

"ಇವತ್ತು ಬುಧವಾರ. ನೀರು ದೇಶನೂರು ಮನ್ಯಾರ ಪಾಳಿ ಅಲ್ಲೇನು?"

"ಪಾಳಿ ಅವರದ ಬೇ. ಆದ್ರ ಇವತ್ತು ಅವರ ಮನ್ಯಾಗ ಸೊಸಿ ಕುಬಸ ಐತಿ. ಗದ್ದಿಗೆ ನೀರು ಕಟ್ಟಾಕ ಯಾರಿಗೂ ಪುರಸೊತ್ತಿಲ್ಲಂತ ನಮಗ ಬಿಟ್ಟುಕೊಟ್ಟಾರ. ಬಳ್ಳಾರಿಯಿಂದ ಯಾರೋ ದೊಡ್ಡ ಬೀಗರು ಬರಾಕತ್ಯಾರಂತ!"

ಯಜಮಾನರು ಪುಟ್ಟಿಯನ್ನು ತಲೆಯಿಂದ ಇಳಿಸದೆಯೇ ಹೇಳಿದರು: "ಆ ಬೀಗರು ನಾವ ಬೇ."

ಮತ್ತೆ ನಗು. ನಕ್ಕರೂ ಒಳ್ಳೆಯ ಹೆಂಗಸರು. ಇಬ್ಬರು ಸೀರೆಯನ್ನು ಕಾಲುವೆಯಲ್ಲಿ ಜಾಲಾಡಿ ಹಿಂಡಿಕೊಟ್ಟರು. "ಬಿಸಲು ಐತಿ. ಬಿಚ್ಚಿ ಹಿಡಕಂಡು ಹೋಗ್ರಿ, ಊರು ಬರೋದ್ರಾಗ ಆರ್ತೈತಿ" ಎಂದಳು ಮುದುಕಿ.

ಸೈಕಲ್ಲಿನ ಮುಂದಿನ ಚಕ್ರ ಸೊಟ್ಟಗಾಗಿತ್ತು. ಇನ್ನು ತಳ್ಳಬೇಕು. ತಳ್ಳುವುದರಲ್ಲಿ ನಮ್ಮ ಯಜಮಾನರನ್ನು ಮೀರಿಸುವವರು ಬಳ್ಳಾರಿಯಲ್ಲೇ ಇರಲಿಲ್ಲ. ಸೀರೆಯ ಒಂದು ತುದಿಯನ್ನು ಕ್ಯಾರಿಯರ್‌ಗೆ ಕಟ್ಟಿ, ಪುಟ್ಟಿ ತಲೆಯ ಮೇಲಿಟ್ಟು, ಅವರು ಮುಂದೆ. ಇನ್ನೊಂದು ತುದಿ ಹಿಡಿದು, ಮೈತುಂಬ ಕೆಸರು ಹೊತ್ತು, ನಾನು ಹಿಂದೆ. ನಡುವೆ ಪಟಪಟ ಬಡಿಯುವ ಹಸಿರು ಸೀರೆ. ಹೀಗೆ ದೇಶನೂರನ್ನು ಪ್ರವೇಶ ಮಾಡಿದೆವು. ಊರಿನ ನಾಯಿಗಳೆಲ್ಲ ಸ್ವಾಗತಕ್ಕೆ ಬಂದವು.

ಬಾಗಿಲಲ್ಲೇ ಪಾರ್ವತಿಯ ಅತ್ತೆ ನಿಂತಿದ್ದಳು. ಕೈಯಲ್ಲಿ ಅವಳೇ ತಂದಿಟ್ಟ ಸೀರೆ, ಮಡಿಕೆ ಬಿಚ್ಚಿದ್ದು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಏನ್ ಬೀಗತಿ, ನೀವು ಸೀರಿ ತಂದೀರೋ, ಸೀರಿನ ನಿಮ್ಮನ್ನ ಎಳಕಂಡು ಬಂದೈತೋ?"

"ಹೆಂಗಾರ ಬಂತಲ್ಲ. ಹನ್ನೆರಡಾತೇನು?"

"ಆಗಾಕ ಬಂತು. ಇದು ಇನ್ನಾ ಹಸೀ ಐತಿ. ಬಸುರಿಗೆ ಹಸಿ ಸೀರಿ ಉಡಸ್ತೀರೇನು? ಶೀತ ಆದ್ರ ನಿಮ್ಮ ಸೈಕಲ್ ಮ್ಯಾಲೆ ದವಾಖಾನಿಗೆ ಒಯ್ತೀರೇನು?"

ಒಳಗಿನಿಂದ ಪಾರ್ವತಿ ಬಂದಳು. ನನ್ನನ್ನು ನೋಡಿದವಳೇ ಹೊಟ್ಟೆ ಹಿಡಿದುಕೊಂಡು ನಗಲು ಶುರು ಮಾಡಿದಳು. ನಗುತ್ತಲೇ ಸೀರೆಯನ್ನು ಮುಟ್ಟಿ ನೋಡಿ, "ಅತ್ತೀ, ಸೆರಗೊಂದ ಹಸಿ ಐತಿ. ನಾನು ಇದನ್ನ ಉಡ್ತೀನಿ" ಎಂದಳು.

ಅತ್ತೆ ತನ್ನ ಸೀರೆಯನ್ನು ಒಮ್ಮೆ ನೋಡಿದಳು, ಸೊಸೆಯ ಮುಖವನ್ನು ಒಮ್ಮೆ ನೋಡಿದಳು. ಆಮೇಲೆ ತನ್ನ ಸೀರೆಯನ್ನು ಗೂಟಕ್ಕೆ ಹಾಕಿ, ಅಡುಗೆಮನೆಯಿಂದ ಮೊರ ತಂದು, ತಾನೇ ಕೂತು ಸೆರಗಿಗೆ ಗಾಳಿ ಬೀಸತೊಡಗಿದಳು. ಕೈ ಬೀಸುತ್ತಿತ್ತು, ಬಾಯಿ ಬೈಯುತ್ತಿತ್ತು. ಹನ್ನೆರಡರೊಳಗೆ ಪಾರ್ವತಿ ತವರಿನ ಸೀರೆಯಲ್ಲಿ ಮಣೆಯ ಮೇಲೆ ಕೂತಳು. ಸೀರೆ ಸ್ವಲ್ಪ ಕಾಲುವೆ ವಾಸನೆ ಹೊಡೆಯುತ್ತಿತ್ತು. ನಾನು ಗಂಭೀರವಾಗಿ ಆರತಿ ಎತ್ತಲು ಬಗ್ಗಿದೆ. ನನ್ನ ನೆರಿಗೆಯಿಂದ ಒಂದು ಸಣ್ಣ ಕಪ್ಪೆ ಅಕ್ಕಿಯ ತಟ್ಟೆಗೆ ಹಾರಿತು!

"ಬೀಗತಿ ಬುತ್ತಿ ಭಾಳ ತರಾವರಿ ತಂದಾಳ" ಎಂದಳು ಅತ್ತೆ.

ಅಂದಿನಿಂದ ನಾನು ದೇಶನೂರಿಗೆ ಹೊರಟರೆ ಪಾರ್ವತಿಯ ಗಂಡ ಮುಂಚೆಯೇ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಹೇಳಿ ಕಳಿಸುತ್ತಿದ್ದ: "ಈ ವಾರ ನೀರು ನಮ್ಮ ಕಡಿ ಇಲ್ಲ. ಅಕ್ಕಾರಿಗೆ ರಸ್ತೆ ಮ್ಯಾಲೆ ಬರಾಕ ಹೇಳ್ರಿ." ಬಸ್ಸಿನವರೆಲ್ಲ ತಿರುಗಿ ನನ್ನನ್ನು ನೋಡುವರು.

ಇಷ್ಟನ್ನೂ ಮೊಮ್ಮಗಳಿಗೆ ಒಂದೂ ಬಿಡದೆ ಹೇಳಿದೆ. ಅವಳು ಎಲ್ಲ ಕೇಳಿ, "ಅಂದ್ರ ಅಜ್ಜಿ, ದೇಶನೂರು ದಾರಿ ನಿನಗ ಇವತ್ತಿಗೂ ಗೊತ್ತಿಲ್ಲ?" ಎಂದಳು.

ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದ ಯಜಮಾನರ ಕಡೆ ಕೈ ತೋರಿಸಿದೆ. ಅವರು ಕಣ್ಣು ಬಿಡಲೂ ಇಲ್ಲ.

"ಯಾರನ್ನಾರ ಕೇಳ್ಕಂತ ಹೋಗವಾ" ಎಂದರು. "ನಿಮ್ಮ ಅಜ್ಜಿನ್ನ ಬಿಟ್ಟು."